ಬಣ್ಣವೂ ಬರಹವೂ



ಕಣ್ಣಿಗೆ ಸೇರಿದ ವಿಷಯವನ್ನು ಕಿವಿಗೆ ಒಪ್ಪಿಸುವ ಕೆಲಸ ಈ ಹೊತ್ತು ನಮ್ಮ ಪಾಲಿಗೆ ಬಂದಿದೆ. ಚಿತ್ರಕಲೆಯನ್ನು ಕುರಿತು ಬಾನುಲಿಯಲ್ಲಿ ಮಾತನಾಡುತ್ತೇವೆಂದು ತಿಳಿಸಿದಾಗ ಮಿತ್ರರೊಬ್ಬರು, “ಹಾಗಾದರೆ ಮುಂದಿನ ವಾರ ಹೋಳಿಗೆಯ ರುಚಿಯನ್ನು ಕುರಿತು ಮಾತನಾಡಿ; ಕೇಳಿದವರ ಹೊಟ್ಟೆ ತುಂಬೀತು” ಎಂದರು. ಅವರ ಹಾಸ್ಯವನ್ನು ಒಪ್ಪಿಕೊಂಡೇ ಹೊರಟಿದ್ದೇವೆ. ಆದರೆ ಇಂದು ನಾವು ಹೇಳಬೇಕೆಂದಿರುವ ಚಿತ್ರಗಳಲ್ಲಿ ಅರ್ಧ ಬಣ್ಣ, ಅರ್ಧ ಮಾತು. ಮಾತಿನ ಅರ್ಧವನ್ನಾದರೂ ತಮ್ಮ ಮನೆಬಾಗಿಲಿಗೆ ಮುಟ್ಟಿಸಬಹುದೆಂಬ ಧೈರ್ಯ ನಮಗಿದೆ.

ಮರ, ಮನೆ, ಮನುಷ್ಯ, ದೇವತೆ ಮೊದಲಾದ ಯಾವ ಆಕಾರವನ್ನೂ ಹೋಲದೆ, ಬಣ್ಣವೂ ಗೆರೆಯೂ ಮಾತ್ರವೇ ಇರತಕ್ಕ ಚಿತ್ರವನ್ನು ಅಮೂರ್ತ ಚಿತ್ರವೆಂದು ಕರೆಯುತ್ತಾರೆ. ಅಂಥ ಚಿತ್ರದ ಮೇಲೆ ಕೈಬರಹದ ಮಾತುಗಳು, ಅಚ್ಚಿನ ಅಕ್ಷರಗಳಲ್ಲ, ಯಾರೋ ಒಬ್ಬರ ಕೈಯ ಬರಹವೇ ಬಂದು ಕುಳಿತರೆ ಏನಾಗುತ್ತದೆ ಎಂಬುದು ನಮ್ಮ ವಿಷಯ. ಅಮೂರ್ತ ಚಿತ್ರದ ಮುಂದೆ ನಮ್ಮ ವಿದ್ಯಾವಂತರು ಎರಡು ಬಗೆಯಾಗಿ ನಡೆದುಕೊಳ್ಳುವುದುಂಟು. ಕೆಲವರು, ಇದನ್ನು ನಮ್ಮ ಮನೆಯ ಮಗುವೂ ಬರೆದೀತು ಎಂದು ಮುಂದಕ್ಕೆ ಹೋಗಿಬಿಡುತ್ತಾರೆ. ಕೆಲವರು ಏನೂ ತಿಳಿಯದಿದ್ದರೂ ತಿಳಿದವರಂತೆ ತಲೆದೂಗುತ್ತಾರೆ. ನಾವು ಬಹುಕಾಲ ಈ ಎರಡನೆಯ ಗುಂಪಿನಲ್ಲಿದ್ದೆವು. ಮೊದಲನೆಯವರೇ ನಮಗಿಂತ ಪ್ರಾಮಾಣಿಕರೆಂದು ಈಗ ತೋರುತ್ತದೆ.

ಈ ಬಗೆಯ ಚಿತ್ರ ಹೊರನಾಡಿನಿಂದ ಬಂದ ಅಂಗಡಿಯ ಸರಕೆಂದು ಎಣಿಸುವವರಿಗೆ ಒಂದು ಮಾತು. ಮೊದಲು ನಮ್ಮ ನುಡಿಯನ್ನೇ ವಿಚಾರಿಸೋಣ. ಕನ್ನಡದಲ್ಲಿ ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಕ್ರಿಯಾಪದ ಒಂದೇ. ವರ್ಣವೆಂದರೆ ಬಣ್ಣವೂ ಹೌದು, ಅಕ್ಷರವೂ ಹೌದು. ಎಳೆಯ ಮಕ್ಕಳಿಗೆ ನಾವು ಕಲಿಸುವುದು ವರ್ಣಮಾಲೆಯನ್ನು. ಆ ವರ್ಣವೇ ತದ್ಭವವಾಗಿ ಬಣ್ಣವಾಯಿತು. ಬಣ್ಣದಿಂದ ಬಣ್ಣಿಸುವುದು ಬಂತು. ಹೀಗಿರುವಲ್ಲಿ ಬಣ್ಣವನ್ನೂ ಅಕ್ಷರವನ್ನೂ ಒಂದೇ ಹಲಗೆಯ ಮೇಲೆ ಕೂಡಿಸಿದವರು ಹೊಸ ನಂಟನ್ನೇನೂ ಕಟ್ಟಲಿಲ್ಲ, ದೂರವಾಗಿದ್ದ ದಾಯಾದಿಗಳನ್ನು ಒಂದು ಪಂಕ್ತಿಯಲ್ಲಿ ಕೂರಿಸಿದರು, ಅಷ್ಟೆ.

ಆದರೆ ಅದೇ ನುಡಿಯಲ್ಲಿ ಬಣ್ಣವನ್ನು ಕುರಿತು ಒಂದು ಸಂಶಯವೂ ಉಂಟು. ‘ಬಣ್ಣದ ಮಾತು’ ಎಂದರೆ ನಂಬಬಾರದ ಮಾತು. ‘ಅವನ ಬಣ್ಣ ಬಯಲಾಯಿತು’ ಎಂದರೆ ಮುಚ್ಚಿಟ್ಟ ಹುಳುಕು ಹೊರಬಿತ್ತೆಂದು ಅರ್ಥ. ಬಯಲಾಗುವುದೆಂದರೆ ಸಂತೆಯಲ್ಲಿ ಅವಮಾನ. ಕುಣಿಗಲ್ ತಾಲ್ಲೂಕಿನ ಎಡೆಯೂರಿಗೆ ಹೋದರೆ, ಏಳುನೂರೊಂದು ವಚನಗಳನ್ನು ನುಡಿದ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯ ಮುಂದೆ ಅದೇ ‘ಬಯಲು’ ಎಂಬ ಪದ ಸಿದ್ಧಿಯ ತುದಿಯಾಗುತ್ತದೆ. ನಮ್ಮ ಜನ ಈ ಎರಡು ಅರ್ಥಗಳ ನಡುವೆಯೇ ಬಾಳುತ್ತಾರೆ. ಮನಸ್ಸನ್ನು ಬಿಚ್ಚಿ ತೋರಿಸಿದವರನ್ನು ಶರಣರೆಂದು ಪೂಜಿಸುತ್ತೇವೆ. ನಮ್ಮ ಮನೆಯಲ್ಲೇ ಯಾರಾದರೂ ಮನಸ್ಸು ಬಿಚ್ಚಿದರೆ, “ನಾಲ್ಕು ಜನ ಕೇಳಿದರೆ ಏನೆಂದಾರು” ಎಂದು ಬಾಗಿಲು ಹಾಕುತ್ತೇವೆ.

ಇಷ್ಟಾದರೂ, ಬರಹದೊಡನೆ ಬರಿಯ ಬಣ್ಣವೊಂದನ್ನು ಕೂಡಿಸಿ ಭಾವವನ್ನು ತಿಳಿಸುವ ವಿದ್ಯೆ ನಮ್ಮ ಮನೆಗಳಲ್ಲಿ ಬಹಳ ಕಾಲದಿಂದ ಇದೆ. ಮದುವೆಯ ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚುವುದನ್ನು ಯಾರು ಕಾಣರು? ಅಂಚೆಯವನ ಕೈಯಲ್ಲಿ ಹಳದಿಯ ಮೂಲೆ ಕಂಡೊಡನೆ, ಓದುಬಾರದ ಅಜ್ಜಿಯೂ ಶುಭವಾರ್ತೆಯೆಂದು ನಗುತ್ತಿದ್ದರು. ಮರಣವಾರ್ತೆಯ ಕಾರ್ಡಿಗೆ ಆ ಹಳದಿ ಇರುತ್ತಿರಲಿಲ್ಲ. ಅದನ್ನು ಹೊರಗೇ ಓದಿ ಅಲ್ಲಿಯೇ ಹರಿದುಹಾಕುವ ರೂಢಿ ಅನೇಕ ಮನೆಗಳಲ್ಲಿತ್ತು. ಆ ಅರಿಸಿನದ ಕಲೆ ಯಾವ ವಸ್ತುವಿನ ಚಿತ್ರ? ಯಾವುದರದೂ ಅಲ್ಲ. ಹೂವೂ ಅಲ್ಲ, ಹಣ್ಣೂ ಅಲ್ಲ. ಅಮೂರ್ತ ಚಿತ್ರ ತಿಳಿಯುವುದಿಲ್ಲವೆನ್ನುವ ಮಹನೀಯರು ತಮ್ಮ ಅಜ್ಜಿಯರು ಅದನ್ನು ಅಂಚೆಯವನು ಗೇಟು ತೆರೆಯುವಷ್ಟರಲ್ಲಿ ಓದಿಬಿಡುತ್ತಿದ್ದರೆಂಬುದನ್ನು ನೆನೆಯಬೇಕು.

ಈ ಕಾಗದಗಳ ಮಾತಿನಿಂದಲೇ ನಾವು ನಮ್ಮ ಮನೆಯ ಒಂದು ಸಂಗತಿಗೆ ಬರುತ್ತೇವೆ. ಬಾನುಲಿಯಲ್ಲಿ ಮನೆಯ ಮಾತನ್ನಾಡುವುದು ಉಚಿತವೇ ಎಂದು ಯೋಚಿಸಿದೆವು. ಭಾವದ ತೆರವನ್ನು ಕುರಿತು ಉಪನ್ಯಾಸ ಮಾಡುತ್ತ ನಮ್ಮ ಬಾಗಿಲನ್ನು ಮಾತ್ರ ಹಾಕಿಕೊಂಡಿರುವುದು ಅದಕ್ಕಿಂತ ಅನುಚಿತವೆಂದು ಕಂಡಿತು.

ನಮ್ಮ ಅಕ್ಕನವರನ್ನು ಗುಬ್ಬಿಯ ನಮ್ಮ ಮನೆಯಿಂದ ಕುಣಿಗಲಿಗೆ ಕೊಟ್ಟದ್ದು 1974ರಲ್ಲಿ. ಒಂದೇ ಹಗಲಿನಲ್ಲಿ ಹೋಗಿ ಬರಬಹುದಾದ ದೂರ. ಆದರೂ ಹೆಣ್ಣುಮಕ್ಕಳು ಮನಸ್ಸು ಬಂದಾಗ ತವರಿಗೆ ಬರುವ ಕಾಲ ಅದಲ್ಲ. ಅಕ್ಕನವರು ತಿಂಗಳಿಗೋ ಎರಡು ತಿಂಗಳಿಗೋ ಒಂದು ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದರು. ತಂದೆಯವರ ಕಣ್ಣಿಗೆ ಪೊರೆ ಬಂದಿದ್ದುದರಿಂದ ಅದನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನಮ್ಮದು. ಓದಿ ಮುಗಿದ ಕಾಗದವನ್ನು, ಆ ಕಾಲದ ಎಲ್ಲ ಮನೆಗಳಲ್ಲಿಯಂತೆ, ಗೋಡೆಗೆ ತೂಗಹಾಕಿದ ಕಂಬಿಗೆ ಚುಚ್ಚಿಡುತ್ತಿದ್ದೆವು. ಪ್ರತಿಯೊಂದು ಕಾಗದವೂ “ಇಲ್ಲಿ ನಾವೆಲ್ಲರೂ ಕ್ಷೇಮ” ಎಂದೇ ಮೊದಲಾಗುತ್ತಿತ್ತು. ಕನ್ನಡನಾಡಿನಲ್ಲಿ ಯಾರ ಕಾಗದ ತಾನೇ ಬೇರೆ ವಿಧವಾಗಿ ಮೊದಲಾಗುತ್ತಿತ್ತು? ಜ್ವರದಲ್ಲಿ ಮಲಗಿದವನೂ ಮೊದಲು ಕ್ಷೇಮವೆಂದು ಬರೆದು, ಆಮೇಲೆ ಜ್ವರದ ವಿಷಯಕ್ಕೆ ಬರುತ್ತಿದ್ದ. ಅಕ್ಕನವರು ಜ್ವರದ ವಿಷಯಕ್ಕೂ ಬರುತ್ತಿರಲಿಲ್ಲ. ಅವರಿಗೆ ಆ ಮನೆಯಲ್ಲಿ ಸುಖವಿರಲಿಲ್ಲವೆಂಬುದು ನಮಗೆ ಬೇರೆಯವರ ಬಾಯಿಂದ ತಿಳಿಯುತ್ತಿತ್ತು. ಮೊದಮೊದಲು ಅವರು ಶಾಯಿಯ ಪೆನ್ನಿನಲ್ಲಿ ಬರೆಯುತ್ತಿದ್ದರು. ಒಂದೆರಡು ಕಾಗದಗಳಲ್ಲಿ ಆ ‘ಕ್ಷೇಮ’ದ ಮೇಲೆಯೇ ನೀರು ಬಿದ್ದು ಶಾಯಿ ಅರಳಿಕೊಂಡಿತ್ತು. ಬಿಂದಿಗೆಯ ನೀರಿರಬೇಕೆಂದು ನಾವು ಎಣಿಸಿದೆವು; ಅಥವಾ ಹಾಗೆ ಎಣಿಸುವುದು ನಮಗೆ ಅನುಕೂಲವಾಗಿತ್ತು. ಮುಂದೆ ಅವರು ಬಾಲ್‌ಪೆನ್ನಿಗೆ ಬಂದರು. ಅದರ ಶಾಯಿ ನೀರಿಗೆ ಕರಗುವುದಲ್ಲ. ಆಮೇಲಿನ ಕಾಗದಗಳಲ್ಲಿ ಕಲೆ ಕಾಣಲಿಲ್ಲ.

ಅಕ್ಕನವರು ತೀರಿಕೊಂಡದ್ದು 2011ರಲ್ಲಿ. ಅವರ ಮಗಳು ತುಮಕೂರಿನಲ್ಲಿ ಚಿತ್ರಕಲೆಯ ಅಧ್ಯಾಪಿಕೆ. ಕೆಲವು ವರ್ಷಗಳ ಹಿಂದೆ ಗುಬ್ಬಿಯ ಮನೆಯನ್ನು ಬಿಡುವ ಕಾಲ ಬಂದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ಕಾಗದಗಳ ಕಟ್ಟು ಸಿಕ್ಕಿತು. ಒಟ್ಟು ಮೂವತ್ತೆಂಟು; ಎಲ್ಲಕ್ಕೂ ನಡುವೆ ಕಂಬಿಯ ತೂತು. ನಾವು ಅದನ್ನು ಅವಳಿಗೆ ಕೊಟ್ಟೆವು. ಕೊಡುವಾಗ ಒಂದು ಕಾಗದವನ್ನು ತೆಗೆದಿಡೋಣವೆಂಬ ಯೋಚನೆ ಬಂತು. ತೆಗೆದಿಡಲಿಲ್ಲ. ಅದರ ವಿಷಯವನ್ನು ಮುಂದೆ ಹೇಳುತ್ತೇವೆ.

ಅವಳು ಆ ಕಾಗದಗಳಿಂದ ಚಿತ್ರಗಳನ್ನು ಬರೆಯತೊಡಗಿದಳೆಂದು ತಿಳಿದಾಗ, ನಾವು ನಮ್ಮ ಪದ್ಧತಿಯಂತೆ ಮೊದಲು ಪುಸ್ತಕಗಳ ಮೊರೆಹೊಕ್ಕೆವು. ಬೇರೆಯವರು ಇಂಥದನ್ನು ಮಾಡಿದ್ದಾರೆಯೇ ಎಂದು ನೋಡುವುದು ನಮ್ಮಂಥ ಅಂಜುಬುರುಕರ ಲಕ್ಷಣ. ಮಾಡಿದ್ದರು. ರವೀಂದ್ರನಾಥ ಠಾಕೂರರು 1924ರಲ್ಲಿ ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ ವಿಶ್ರಾಂತಿಗಾಗಿ ಉಳಿದಿದ್ದಾಗ ‘ಪೂರಬಿ’ ಎಂಬ ಸಂಗ್ರಹದ ಕವಿತೆಗಳನ್ನು ಬರೆಯುತ್ತಿದ್ದರು. ಹಸ್ತಪ್ರತಿಯಲ್ಲಿ ಬೇಡವೆಂದು ಹೊಡೆದುಹಾಕಿದ ಪದಗಳನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ; ಒಂದು ಕಾಟಿನಿಂದ ಇನ್ನೊಂದು ಕಾಟಿಗೆ ಗೆರೆಯನ್ನೆಳೆದು, ತುಂಬಿ, ವಿಚಿತ್ರವಾದ ಹಕ್ಕಿಗಳನ್ನೂ ಮೃಗಗಳನ್ನೂ ಎಬ್ಬಿಸುತ್ತಿದ್ದರು. ಹೇಳಬಾರದೆಂದು ಅಳಿಸಿದ ಮಾತು ಚಿತ್ರವಾಗಿ ಎದ್ದುಬಂತು. ಅಲ್ಲಿ ಅವರಿಗೆ ಆತಿಥ್ಯವಿತ್ತ ವಿಕ್ಟೋರಿಯಾ ಒಕಾಂಪೋ ಎಂಬ ಮಹಿಳೆಯೇ ಮುಂದೆ 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಗಳ ಪ್ರದರ್ಶನಕ್ಕೆ ಏರ್ಪಾಡು ಮಾಡಿದರು. ಆಗ ಕವಿಗಳಿಗೆ ಎಪ್ಪತ್ತು ಸಮೀಪಿಸಿತ್ತು.

ನಮಗೆ ಇನ್ನೂ ಹತ್ತಿರದವರು ಕೆ. ಸಿ. ಎಸ್. ಪಣಿಕ್ಕರ್. 1911ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಇವರು ಮದರಾಸಿನ ಸರ್ಕಾರಿ ಕಲಾಶಾಲೆಯ ಮುಖ್ಯಸ್ಥರಾಗಿದ್ದರು. 1963ರಿಂದ ಮುಂದಕ್ಕೆ ಅವರು ಬರೆದ ಚಿತ್ರಮಾಲೆಗೆ ‘ಶಬ್ದಗಳೂ ಸಂಕೇತಗಳೂ’ ಎಂಬ ಅರ್ಥದ ಹೆಸರು. ವಿದ್ಯಾರ್ಥಿಯೊಬ್ಬನ ಗಣಿತದ ಪುಸ್ತಕದ ಹಾಳೆಯನ್ನು ಕಂಡಾಗ ಈ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. ಬಣ್ಣದ ಬಯಲಿನ ಮೇಲೆ ಜಾತಕದ ಮನೆಗಳಂತೆ, ಲೆಕ್ಕದ ಕಡತದಂತೆ ಸಾಲುಸಾಲು ಅಕ್ಷರ. ನೋಟಕ್ಕೆ ಮಲಯಾಳದ ಲಿಪಿ. ಓದಹೊರಟರೆ ಯಾವ ಮಾತೂ ಕೈಗೆ ಸಿಕ್ಕುವುದಿಲ್ಲ. ಅರ್ಥವನ್ನು ಕಳಚಿಟ್ಟ ಮೇಲೂ ಅಕ್ಷರಕ್ಕೆ ಒಂದು ಮುಖವಿರುತ್ತದೆಂಬುದನ್ನು ಅವರು ತೋರಿಸಿದರು. 1966ರಲ್ಲಿ ಮದರಾಸಿನ ಬಳಿ ಚೋಳಮಂಡಲವೆಂಬ ಕಲಾವಿದರ ಗ್ರಾಮವನ್ನು ಕಟ್ಟಿದವರೂ ಇವರೇ. ಇವರ ಶಿಷ್ಯರಾಗಿ ಆ ಗ್ರಾಮದ ಸ್ಥಾಪಕರಲ್ಲಿ ಒಬ್ಬರಾದ ಎಸ್. ಜಿ. ವಾಸುದೇವ್ ಅವರು 1941ರಲ್ಲಿ ನಮ್ಮ ಮೈಸೂರಿನಲ್ಲಿಯೇ ಹುಟ್ಟಿದವರು; ಮೈಸೂರಿನವರೇ ಆದ ಎ. ಕೆ. ರಾಮಾನುಜನ್ ಅವರ ಕವಿತೆಗಳಿಗೆ ರೇಖಾಚಿತ್ರಗಳನ್ನು ಬರೆದವರು.

ಪಣಿಕ್ಕರರದು ಓದಲಾಗದ ಬರಹವಾದರೆ, ಫ್ರಾನ್ಸಿನಲ್ಲಿ ನೆಲೆಸಿದ್ದ ಸೈಯದ್ ಹೈದರ್ ರಜಾ ಅವರದು ಓದಲೇಬೇಕಾದ ಬರಹ. 1981ರಲ್ಲಿ ಅವರು ‘ಮಾ’ ಎಂಬ ದೊಡ್ಡ ಚಿತ್ರದಲ್ಲಿ ಕಪ್ಪು ಬಿಂದುವಿನೊಡನೆ ಬಣ್ಣದ ಪಟ್ಟೆಗಳನ್ನಿಟ್ಟು, ಹಿಂದೀ ಕವಿತೆಯೊಂದರ ಸಾಲನ್ನು ನಾಗರೀ ಲಿಪಿಯಲ್ಲಿ ಬರೆದರು. ತಾಯಿಯ ಬಳಿಗೆ ಹಿಂದಿರುಗುವ ಮಗನ ಮಾತು ಅದು. ಪ್ಯಾರಿಸಿನ ಎಷ್ಟು ಮಂದಿಗೆ ಆ ಲಿಪಿ ಬರುತ್ತಿತ್ತು? ಆದರೂ ಬರೆದರು. ಅಕ್ಕನವರ ಆ ಒಂದು ಕಾಗದ ನಮ್ಮ ಮನೆಗೆ ಬಂದದ್ದೂ 1981ರಲ್ಲಿಯೇ. ಕಾಲದ ಈ ಹೊಂದಿಕೆಗೆ ಏನೂ ಅರ್ಥವಿಲ್ಲ. ಹೇಳದೆ ಬಿಡಲು ಮಾತ್ರ ಮನಸ್ಸಾಗಲಿಲ್ಲ.

ಬಣ್ಣಕ್ಕೂ ಭಾವಕ್ಕೂ ಇರುವ ಸಂಬಂಧವನ್ನು ನಮ್ಮ ಪೂರ್ವಿಕರು ಶಾಸ್ತ್ರಮಾಡಿಯೇ ಇಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರದಲ್ಲಿ ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲ, ಅದ್ಭುತಕ್ಕೆ ಹಳದಿ ಎಂದು ವಿಭಾಗವಿದೆ. ರಷ್ಯದ ಕ್ಯಾಂಡಿನ್ಸ್ಕಿ ಎಂಬ ಚಿತ್ರಕಾರರು 1911ರ ಕೊನೆಯಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ, ಬಣ್ಣವು ವಸ್ತುವಿನ ಹಂಗಿಲ್ಲದೆ ನೇರವಾಗಿ ಮನಸ್ಸನ್ನು ಮುಟ್ಟುತ್ತದೆಂದು ವಾದಿಸಿದಾಗ ಯೂರೋಪಿನವರು ಬೆರಗಾದರು. ಭರತನನ್ನು ಓದಿದವರು ಅಷ್ಟು ಬೆರಗಾಗಬೇಕಾಗಿರಲಿಲ್ಲ. ಆದರೆ ಶಾಸ್ತ್ರವನ್ನು ಹಿಡಿದು ನಮ್ಮ ಸೊಸೆಯ ಚಿತ್ರಗಳ ಮುಂದೆ ನಿಂತ ನಾವು ಸೋತೆವು. ಅವಳ ದುಃಖ ಬೂದಲ್ಲ. ಹಳದಿ ಮತ್ತು ನೀಲಿ. ಭರತಮುನಿಯ ಮನೆಗೆ ಇನ್‌ಲ್ಯಾಂಡ್ ಕಾಗದ ಬರುತ್ತಿರಲಿಲ್ಲವಷ್ಟೆ.

ಹಳದಿಯ ಚಿತ್ರವನ್ನು ಆದಷ್ಟು ಹೇಳಿ ನೋಡುತ್ತೇವೆ. ಮೂರಡಿ ಅಗಲದ ಬಿಳಿಯ ಬಟ್ಟೆ. ನಾಲ್ಕು ಮೂಲೆಯಲ್ಲಿ ಲಗ್ನಪತ್ರಿಕೆಯ ಅರಿಸಿನ. ಆದರೆ ಅದು ಮೂಲೆಯಲ್ಲಿ ನಿಲ್ಲದೆ ಒಳಕ್ಕೆ ಹರಿಯುತ್ತ, ಹರಿದಂತೆ ಕಂದುತ್ತ, ನಡುವಿಗೆ ಬರುವಷ್ಟರಲ್ಲಿ ಸುಟ್ಟ ಹಾಲಿನ ಬಣ್ಣವಾಗುತ್ತದೆ. ಅದರ ಮೇಲೆ ಒಂದೇ ಪದ: ಕ್ಷೇಮ. ತಾಯಿಯ ಕೈಬರಹವನ್ನು ನೋಡಿನೋಡಿ ಇವಳು ಬರೆದದ್ದು. ಸಾಲಿನ ಮೇಲೆ ಸಾಲು. ಈ ‘ಕ್ಷೇ’ ಎಂಬ ಅಕ್ಷರವನ್ನು ಶ್ರೋತೃಗಳು ಒಮ್ಮೆ ಬೆರಳಿನಿಂದ ಬರೆದು ನೋಡಬೇಕು. ಕೈ ಮೊದಲು ಕಕಾರವನ್ನು ಸುತ್ತಬೇಕು, ಮೇಲಕ್ಕೆ ಹೋಗಿ ಏತ್ವವನ್ನು ಕೊಡಬೇಕು, ಕೆಳಕ್ಕೆ ಇಳಿದು ಷಕಾರದ ಒತ್ತನ್ನು ಕಟ್ಟಬೇಕು, ಮತ್ತೆ ಎದ್ದು ದೀರ್ಘವನ್ನೆಳೆಯಬೇಕು. ಉಸಿರು ಬಿಗಿಹಿಡಿಯದೆ ಬರೆಯಲಾಗುವುದಿಲ್ಲ. ಮೇಲಿನ ಸಾಲುಗಳಲ್ಲಿ ಅದು ಶಾಲೆಯ ಕಾಪಿಪುಸ್ತಕದಷ್ಟು ಸ್ಫುಟ. ಕೆಳಗೆ ಬಂದಂತೆ ಒತ್ತು ಕಳಚುತ್ತದೆ, ದೀರ್ಘ ಬೀಳುತ್ತದೆ, ಕೊನೆಗೆ ಬರಿಯ ಸುರುಳಿ ಉಳಿಯುತ್ತದೆ. ನಮ್ಮ ಸಂಗೀತಗಾರರು ಕೃತಿಯ ಒಂದೇ ಸಾಲನ್ನು ಹಿಡಿದು ನೆರವಲ್ ಮಾಡುವಾಗ ಆಗುವುದೂ ಇದೇ ಅಲ್ಲವೇ? ಸಾಹಿತ್ಯ ಬದಲಾಗುವುದಿಲ್ಲ, ಹತ್ತನೆಯ ಸಲ ಕೇಳುವಾಗ ಅದರ ಅರ್ಥ ಮಾತ್ರ ಮೊದಲಿನದಾಗಿರುವುದಿಲ್ಲ. ರಾಗಾಲಾಪನೆಗೆ ‘ಇದರ ಅರ್ಥವೇನು’ ಎಂದು ಕೇಳದ ನಾವು ಬಣ್ಣವನ್ನು ಮಾತ್ರ ಸಾಕ್ಷಿಕಟ್ಟೆಗೆ ಹತ್ತಿಸುತ್ತೇವೆ. ಚಿತ್ರದ ನಟ್ಟನಡುವೆ ಒಂದು ಸಣ್ಣ ತೂತು. ಅದು ಕಂಬಿಯದು, ಅವಳು ಅದನ್ನೂ ಬಿಟ್ಟಿಲ್ಲ.

ಇಲ್ಲಿ ಗುಬ್ಬಿಯ ಇನ್ನೊಂದು ಮಾತು. ಗುಬ್ಬಿಗೆ ಅಕ್ಷರದ ಮಹಿಮೆಯೂ ಬಣ್ಣದ ಮಹಿಮೆಯೂ ಹೊಸವಲ್ಲ. 16ನೆಯ ಶತಮಾನದಲ್ಲಿ ಗುಬ್ಬಿಯ ಮಲ್ಲಣಾರ್ಯರು ರಚಿಸಿದ ‘ಭಾವಚಿಂತಾರತ್ನ’ ಪಂಚಾಕ್ಷರಿಯ, ಎಂದರೆ ಐದು ಅಕ್ಷರಗಳ, ಮಹಿಮೆಯನ್ನು ಸಾರುವ ಕಾವ್ಯ. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪೆನಿಯ ವೈಭವವನ್ನು ಬಣ್ಣಿಸಬೇಕಾಗಿಲ್ಲ. ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದನ್ನು ಹಿರಿಯರು ಹೇಳುತ್ತಿದ್ದರು. ಅಂಥ ಕಂಪೆನಿಗಳಿಗೆ ಪರದೆ ಬರೆಯುವವರ ಒಂದು ಪೀಳಿಗೆಯೇ ಇತ್ತು. ಅವರಲ್ಲೊಬ್ಬರ ಶಿಷ್ಯರಾಗಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ವೃದ್ಧರೊಬ್ಬರು ನಮ್ಮ ಪರಿಚಿತರು. ಫ್ಲೆಕ್ಸು ಬಂದ ಮೇಲೆ ಅವರಿಗೆ ಕೆಲಸವಿಲ್ಲ. ನಮ್ಮ ಸೊಸೆ ಕುಂಚದಲ್ಲಿ ಅಕ್ಷರ ಬರೆಯುವುದನ್ನು ಕಲಿಯಲು ಅವರ ಬಳಿಗೆ ಹೋದಳು. ಅವರು ಎರಡು ದಿನ ನೋಡಿ, “ಅಮ್ಮಾ, ನಾನು ಕಲಿಸಿದರೆ ನೀವು ಕೆಡುತ್ತೀರಿ. ಬೋರ್ಡಿನಲ್ಲಿ ಬರೆದವನ ಕೈ ಕಾಣಬಾರದು, ಅಂಗಡಿ ಕಾಣಬೇಕು. ನೂರು ಕಕಾರ ಬರೆದರೂ ನೂರೂ ಒಂದೇ ಇರಬೇಕು. ನಿಮ್ಮದರಲ್ಲಿ ಕೈಯೇ ಕಾಣಬೇಕಲ್ಲ” ಎಂದರಂತೆ. ಕಲಾವಿಮರ್ಶೆಯ ದಪ್ಪ ಗ್ರಂಥಗಳಲ್ಲಿ ನಾವು ಹುಡುಕುತ್ತಿದ್ದ ಮಾತು ಅದು. ಅಚ್ಚಿನ ಅಕ್ಷರ ಸಂಗತಿಯನ್ನು ಹೇಳುತ್ತದೆ. ಕೈಬರಹ ಸಂಗತಿಯ ಜೊತೆಗೆ, ಬರೆಯುವಾಗ ಕೈ ನಡುಗಿತೇ ಇಲ್ಲವೇ ಎಂಬುದನ್ನೂ ಹೇಳಿಬಿಡುತ್ತದೆ. ತಾಯಿ ಮುಚ್ಚಿಡಲು ಬರೆದ ಪದವೇ ಅವರನ್ನು ಬಯಲುಮಾಡುತ್ತಿತ್ತು. ನೋಡುವ ಕಣ್ಣು ನಮ್ಮಲ್ಲಿರಲಿಲ್ಲ, ನಾವು ಓದುತ್ತಿದ್ದೆವು.

ಈಗ ಆ ಕಾಗದದ ವಿಷಯ. 1981ರ ಚಳಿಗಾಲ. ತಂದೆಯವರಿಗೆ ಎದೆನೋವು ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಮನಸ್ಸಿಗೆ ಆಯಾಸವಾಗಬಾರದೆಂದು ವೈದ್ಯರು ಹೇಳಿದ್ದರು. ಅಕ್ಕನವರ ಕಾಗದ ಬಂತು. ಎಂದಿನಂತೆ ಕ್ಷೇಮ, ಮಳೆ ಬೆಳೆ, ಮಗುವಿನ ಹಲ್ಲು. ಕೊನೆಯಲ್ಲಿ, ಅಂಟು ಹಚ್ಚುವ ಅಂಚಿನ ಪಕ್ಕದಲ್ಲಿ, ಚಿಕ್ಕ ಅಕ್ಷರದಲ್ಲಿ ಒಂದು ಸಾಲು: “ಅಪ್ಪಾ, ಒಂದು ಸಲ ಬಂದು ಹೋಗಿ.” ನಾವು ಗಟ್ಟಿಯಾಗಿ ಓದುತ್ತಿದ್ದೆವು. ಬಾಯಿ ಆ ಸಾಲಿನ ತನಕ ಬಂದು, ಅದನ್ನು ದಾಟಿ, “ಇತಿ ನಿಮ್ಮ ಮಗಳು” ಎಂಬಲ್ಲಿಗೆ ಹೋಯಿತು. ತಂದೆಯವರು, “ಅಷ್ಟೇನೋ?” ಎಂದರು. “ಅಷ್ಟೇ ಅಪ್ಪ” ಎಂದು ಕಾಗದವನ್ನು ಕಂಬಿಗೆ ಚುಚ್ಚಿದೆವು. ತಂದೆಯವರು ಗುಣವಾದ ಮೇಲೆ ಹೇಳೋಣವೆಂದುಕೊಂಡೆವು. ಗುಣವಾದರು. ಹೇಳಲಿಲ್ಲ. ನಾವಾದರೂ ಹೋಗಿ ನೋಡಿ ಬರಬಹುದಿತ್ತು; ಅದನ್ನೂ ಮಾಡಲಿಲ್ಲ. ಅಕ್ಕನವರ ಮುಂದಿನ ಕಾಗದದಲ್ಲಿ ಎಂದಿನಂತೆ ಕ್ಷೇಮ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ತಂದೆಯವರು ಬರಲಿಲ್ಲವೆಂದು ಅವರು ತಿಳಿದುಕೊಂಡೇ ಮೂವತ್ತು ವರ್ಷ ಬದುಕಿದರು.

ಪ್ರದರ್ಶನಕ್ಕೆ ಹದಿನೈದು ದಿನವಿರುವಾಗ ಸೊಸೆ ನಮ್ಮನ್ನು ಕುಣಿಗಲಿನ ಮನೆಗೆ ಕರೆಸಿ, ಗೋಡೆಗೆ ಒರಗಿಸಿದ್ದ ಐದನೆಯ ಚಿತ್ರವನ್ನು ತಿರುಗಿಸಿದಳು. ಮಾಸಲು ಬಿಳುಪಿನ ಬಯಲು. ಅದ��ಲ್ಲಿ ಒಂದೇ ಸಲ, ದೊಡ್ಡದಾಗಿ, ಆ ಸಾಲು. ಬೇರೆ ಏನೂ ಇಲ್ಲ.

“ಮಾವ, ತಾತ ಇದಕ್ಕೆ ಬಂದಿದ್ದರೇ?” ಎಂದು ಕೇಳಿದಳು.

ನಾವು ಆ ಪ್ರಶ್ನೆಗೆ ಉತ್ತರ ಕೊಡದೆ, ಈ ಚಿತ್ರವನ್ನು ಹಾಕುವುದು ಬೇಡವೆಂದೆವು. ಸತ್ತವರು ಮನೆಯವರಿಗೆ ಬರೆದ ಮಾತನ್ನು ಬೀದಿಯವರ ಮುಂದಿಡಬಾರದೆಂದು ನೀತಿಯನ್ನು ಹೇಳಿದೆವು. ಆ ನೀತಿ ಪೂರ್ತಿ ಸುಳ್ಳೆಂದು ಈಗಲೂ ನಾವು ಹೇಳಲಾರೆವು. ತೆರೆದ ಮನಸ್ಸೆಂಬ ಹೆಸರಿನಲ್ಲಿ ಪರರ ಪೆಟ್ಟಿಗೆಯನ್ನು ತೆರೆಯುವ ಕಲಾವಿದರೂ ಉಂಟು. ಅವರನ್ನು ನಾವು ಮೆಚ್ಚುವುದಿಲ್ಲ. ಆದರೆ ಅಂದು ನಮ್ಮ ಬಾಯಿಂದ ಬಂದದ್ದು ನೀತಿಯ ವೇಷದ ಅಂಜಿಕೆ. ಅವಳು, “ನೀವು ಬೇಡವೆಂದರೆ ಹಾಕುವುದಿಲ್ಲ ಮಾವ” ಎಂದು ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಆ ರಾತ್ರಿ ಅಲ್ಲಿಯೇ ಉಳಿದೆವು. ನಿದ್ರೆ ಬರಲಿಲ್ಲ. ಬೆಳಗ್ಗೆ ಕಾಫಿ ತಂದಿಟ್ಟಾಗ ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆವು. ಅವಳು ಅಳಲಿಲ್ಲ, ಬಯ್ಯಲಿಲ್ಲ. “ಅಮ್ಮ ಒಂದು ಸಲವೂ ತಾತನನ್ನು ಬಿಟ್ಟುಕೊಟ್ಟು ಮಾತಾಡಲಿಲ್ಲ” ಎಂದಷ್ಟೇ ಹೇಳಿ, ಲೋಟ ತೆಗೆದುಕೊಂಡು ಒಳಗೆ ಹೋದಳು.

ಮಧ್ಯಾಹ್ನ ಅವಳು ಆ ಚಿತ್ರವನ್ನು ನೆಲದ ಮೇಲೆ ಮಲಗಿಸಿ, ಅಕ್ಷರಗಳ ಮೇಲೆ ಮೇಣದ ಬತ್ತಿಯನ್ನು ಅಲ್ಲಲ್ಲಿ ಉಜ್ಜಿ, ನೀರಿನಂತೆ ತೆಳ್ಳಗೆ ಕಲಸಿದ ನೀಲಿಯನ್ನು ಹರಿಯಬಿಟ್ಟಳು. ಮೇಣವಿದ್ದ ಕಡೆ ಬಣ್ಣ ಹಿಡಿಯದು, ಉಳಿದ ಕಡೆ ಹಿಡಿಯುತ್ತದೆ. ಒಣಗಿದ ಮೇಲೆ ನೋಡಿದರೆ ದೂರಕ್ಕೆ ಬರಿಯ ನೀಲಿ. ಅದರಲ್ಲಿ ಏನೋ ಬೆಳ್ಳಗೆ ತೇಲಿದಂತೆ. ಮೊಳದೂರಕ್ಕೆ ಬಂದರೆ ಮಾತ್ರ ಓದಬಹುದು. ನಮ್ಮ ಕಡೆಗೆ ನೋಡಿ, “ಇಷ್ಟು ಹತ್ತಿರ ಬರುವವರು ಓದಲಿ, ಆಗದೇ ಮಾವ?” ಎಂದಳು. ಆಗಬಹುದೆಂದೆವು.

ತುಮಕೂರಿನ ಒಂದು ಚಿಕ್ಕ ಸಭಾಂಗಣದಲ್ಲಿ ಪ್ರದರ್ಶನ ಮೂರು ದಿನ ನಡೆಯಿತು. ಬಂದವರು ಬಹಳ ಮಂದಿಯಲ್ಲ. ಬಂದವರಲ್ಲಿ ಹೆಚ್ಚಿನವರು ಹಳದಿಯ ಚಿತ್ರವನ್ನು ಮೆಚ್ಚಿದರು. ನೀಲಿಯ ಚಿತ್ರವನ್ನು ನೋಡಿದ ಮಹನೀಯರೊಬ್ಬರು, ಕುಣಿಗಲ್ ಕೆರೆಯ ಹಾಡನ್ನು ನೆನೆದು, ಸಂಜೆಯ ಹೊತ್ತಿನ ಕೆರೆಯನ್ನು ಎಷ್ಟು ಚೆನ್ನಾಗಿ ತಂದಿದ್ದೀರಿ ಎಂದು ಕೊಂಡಾಡಿ ದೂರದಿಂದಲೇ ಹೊರಟುಹೋದರು. ಅದು ಕೆರೆಯ ನೀಲಿಯಲ್ಲ, ಇನ್‌ಲ್ಯಾಂಡ್ ಕಾಗದದ ನೀಲಿ. ಆದರೆ ನಮ್ಮ ಜನ ಕೆರೆಯ ಮೇಲಿಟ್ಟಿರುವ ಪ್ರೀತಿಯನ್ನು ಆಕ್ಷೇಪಿಸುವುದು ಹೇಗೆ? ಸೊಸೆ ಸುಮ್ಮನೆ ಕೈಮುಗಿದಳು. ಎರಡನೆಯ ದಿನ ಸಂತೆಯ ಚೀಲ ಹಿಡಿದ ಹೆಂಗಸೊಬ್ಬರು ಅದರ ಹತ್ತಿರಕ್ಕೆ ಹೋಗಿ, ಬಹಳ ಹೊತ್ತು ನಿಂತಿದ್ದು, ಯಾರೊಡನೆಯೂ ಮಾತನಾಡದೆ ಹೊರಟುಹೋದರು. ಐದು ಚಿತ್ರಗಳಲ್ಲಿ ಎರಡು ಮಾರಾಟವಾದವು. ನೀಲಿಯದನ್ನು ಮಾರುವುದಕ್ಕೆ ಇಟ್ಟಿರಲಿಲ್ಲ.

ಮೂರನೆಯ ದಿನ ಸಂಜೆ ಚಿತ್ರಗಳನ್ನು ಇಳಿಸುವಾಗ ಆ ಸಭಾಂಗಣದ ಕಾವಲುಗಾರ ಏಣಿ ಹಿಡಿದುಕೊಂಡಿದ್ದ. ಮೂರು ದಿನವೂ ಬೆಳಗ್ಗೆ ಕಸ ಗುಡಿಸುತ್ತಿದ್ದವನು ಅವನೇ. ಆ ಗೋಡೆಯ ಬಳಿಗೆ ದಿನವೂ ಹೋಗಬೇಕಾಗಿದ್ದವನು. ನೀಲಿಯ ಚಿತ್ರವನ್ನು ಕೆಳಗಿಳಿಸಿದಾಗ ಅವನು ಸ್ವಲ್ಪ ಹೊತ್ತು ಅನುಮಾನಿಸಿ, “ಅವರಪ್ಪ ಬಂದರಾ ಸ್ವಾಮಿ?” ಎಂದು ಕೇಳಿದ.

“ಇಲ್ಲಪ್ಪ. ಅವರಿಗೆ ನಾವು ಹೇಳಲಿಲ್ಲ” ಎಂದೆವು.

ಅವನು ತಲೆಯಾಡಿಸಿ, ಏಣಿಯನ್ನು ಮುಂದಿನ ಮೊಳೆಯ ಕಡೆಗೆ ಸರಿಸಿದ.